ಪರದೆಯೊಳಗಿನ ಟೀಚರಿಗೆ ನೀವು ಕಾಣಿಸುವುದಿಲ್ಲ: ಮನೆಯಲ್ಲಿ ವಿಡಿಯೊ ನೋಡಿ ಯೋಗ ಶುರುಮಾಡುವ ಬಗೆ

ಮೊದಲ ಸಲ ಯೋಗದ ವಿಡಿಯೊ ಹಾಕಿಕೊಂಡು ಮ್ಯಾಟ್ ಮೇಲೆ ನಿಂತಾಗ ನನಗಾದದ್ದು ಇಷ್ಟು. ಮೂರನೇ ನಿಮಿಷಕ್ಕೆ ಎರಡೂ ಅಂಗೈ ನೆಲಕ್ಕೆ ಊರಿ, ಸೊಂಟ ಮೇಲೆತ್ತಿ, ತಲೆ ಕೆಳಗೆ ಮಾಡಿ ನಿಂತಿದ್ದೆ. ಮೊಬೈಲ್ ಇದ್ದದ್ದು ಮೇಜಿನ ಮೇಲೆ. ಟೀಚರ್ ಈಗ ಏನು ಮಾಡುತ್ತಿದ್ದಾರೆ ಅಂತ ನೋಡಬೇಕಲ್ಲ? ಕಂಕುಳ ಸಂದಿಯಿಂದಲೇ ಕತ್ತು ತಿರುಗಿಸಿ ಮೇಲೆ ನೋಡಿದೆ. ಕತ್ತು ಚಳಕ್ ಅಂತು. ಅಷ್ಟರಲ್ಲಿ ಅವರು ಬಲಗಾಲು ಮುಂದಿಟ್ಟು, ಎದ್ದು ನಿಂತು, ಕೈ ಮೇಲೆತ್ತಿಯೂ ಆಗಿತ್ತು. ನಾನು ಗಡಿಬಿಡಿಯಲ್ಲಿ ಎಡಗಾಲು ಮುಂದಿಟ್ಟೆ. "ತುಂಬಾ ಚೆನ್ನಾಗಿ ಮಾಡ್ತಿದ್ದೀರಿ" ಅಂದರು ಅವರು.

ಮ್ಯಾಟ್ ಮೇಲೆ ಕೂತು ನಕ್ಕುಬಿಟ್ಟೆ. ವಿಡಿಯೊ ನೋಡಿ ಯೋಗ ಮಾಡುವುದರ ತೊಡಕು ಪೂರ್ತಿ ಆ ಒಂದು ಮಾತಿನಲ್ಲಿದೆ. ಅವರು ನಮಗೆ ಕಾಣುತ್ತಾರೆ, ನಾವು ಅವರಿಗೆ ಕಾಣುವುದಿಲ್ಲ. ಕ್ಲಾಸಿನಲ್ಲಾದರೆ ಭುಜ ಕಿವಿಯವರೆಗೆ ಏರಿದ್ದು ನೋಡಿ ಯಾರಾದರೂ ಬಂದು ಇಳಿಸುತ್ತಾರೆ. ಇಲ್ಲಿ ಆ ಕೆಲಸವೂ ನಮ್ಮದೇ. ಆದರೆ ವಿಡಿಯೊದಲ್ಲಿ ನಡುವೆ ತಡೆದು ನಿಲ್ಲಿಸುವ ಪಾಸ್ ಬಟನ್ ಅಂತ ಒಂದಿದೆ. ಯಾವ ಕ್ಲಾಸಿನಲ್ಲೂ ಅದು ಸಿಗುವುದಿಲ್ಲ. ಅದನ್ನು ಧಾರಾಳವಾಗಿ ಬಳಸಿಕೊಂಡರೆ ಹೊಸಬರಿಗೂ ಮನೆಯಲ್ಲೇ ಚೆನ್ನಾಗಿ ಶುರುಮಾಡಬಹುದು. ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು ನಿಮ್ಮ ಮೈಯ ವಿಚಾರ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಆದರೆ ನೀವು ಹಾರಿಸಬೇಡಿ. ರಕ್ತದೊತ್ತಡ ಹತೋಟಿಯಲ್ಲಿ ಇಲ್ಲದವರು, ಹೃದಯದ ತೊಂದರೆ ಇರುವವರು, ಗ್ಲಾಕೋಮಾ ಇರುವವರು, ಬೆನ್ನಿನ ಡಿಸ್ಕ್ ಜರುಗಿದವರು, ಮೂಳೆ ಸವೆದು ಟೊಳ್ಳಾದವರು (ಆಸ್ಟಿಯೊಪೊರೋಸಿಸ್), ಇತ್ತೀಚೆಗೆ ಆಪರೇಷನ್ ಆದವರು, ಗರ್ಭಿಣಿಯರು ಮೊದಲು ಡಾಕ್ಟರ್ ಹತ್ತಿರ ಕೇಳಿಯೇ ಶುರುಮಾಡಬೇಕು. ಗ್ಲಾಕೋಮಾ ಇದ್ದರೆ ತಲೆ ಕೆಳಗಾಗುವ ಭಂಗಿಗಳಲ್ಲಿ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಮೂಳೆ ಸವೆದವರು ಬೆನ್ನು ಗುಂಡಗೆ ಮಾಡಿ ಜೋರಾಗಿ ಮುಂದಕ್ಕೆ ಬಗ್ಗಿದರೆ ಬೆನ್ನುಮೂಳೆಗೆ ಪೆಟ್ಟಾಗಬಹುದು. "ಇದು ಎಲ್ಲರಿಗೂ ಸುರಕ್ಷಿತ" ಅಂತ ವಿಡಿಯೊದವರು ಎಷ್ಟೇ ಹೇಳಲಿ, ಆ 'ಎಲ್ಲರಲ್ಲಿ' ನೀವು ಇದ್ದೀರೋ ಇಲ್ಲವೋ ಅವರಿಗೆ ಗೊತ್ತಿಲ್ಲ.

ಇನ್ನು ಹೊಟ್ಟೆ. ಹೊಟ್ಟೆ ತುಂಬಾ ಊಟ ಮಾಡಿದ್ದರೆ ಎರಡು ಮೂರು ಗಂಟೆ ಬಿಡಿ. ಬಗ್ಗಿದಾಗ ಊಟ ಗಂಟಲಿಗೆ ಬಂದರೆ ಮತ್ತೆ ಮ್ಯಾಟ್ ಕಡೆ ತಿರುಗಿ ನೋಡುವ ಮನಸ್ಸಾಗುವುದಿಲ್ಲ.

ವಿಡಿಯೊ ಆರಿಸುವುದು

'ಬಿಗಿನರ್ಸ್' ಅನ್ನುವ ಪದವನ್ನು ನಂಬಬೇಡಿ. ಆ ಪದ ಯಾರು ಬೇಕಾದರೂ ಹಾಕಿಕೊಳ್ಳಬಹುದು. ಹೆಸರು ನೋಡುವ ಬದಲು ಒಳಗೆ ಇಣುಕಿ ನೋಡಿ. ನಾನು ಮಾಡುವುದು ಹೀಗೆ: ವಿಡಿಯೊದ ಐದನೇ ನಿಮಿಷಕ್ಕೆ ಹೋಗುತ್ತೇನೆ. ಆಗಲೂ ಕೂತೋ ಮಂಡಿಯೂರಿಯೋ ಮೈ ಸಡಿಲ ಮಾಡುತ್ತಿದ್ದರೆ ಸರಿ. ಅಷ್ಟರಲ್ಲೇ, ಅಂಗೈ ಮತ್ತು ಕಾಲ್ಬೆರಳ ಮೇಲೆ ಮೈಯನ್ನು ಹಲಗೆಯಂತೆ ನೇರ ಹಿಡಿಯುವ ಪ್ಲ್ಯಾಂಕ್‌ನಲ್ಲಿ ನಿಂತಿದ್ದರೆ, ಅಥವಾ ಎರಡೂ ಕಾಲನ್ನು ಹಿಂದಕ್ಕೆ ಎಗರಿಸುತ್ತಿದ್ದರೆ ಅದು ನನಗಲ್ಲ. ಆಮೇಲೆ ನಡುವೆ ಎಲ್ಲಾದರೂ ಒಂದು ಕಡೆ ನೋಡುತ್ತೇನೆ. ಒಂದು ಆಸನದಲ್ಲಿ ನಾಲ್ಕೈದು ಉಸಿರಿನಷ್ಟಾದರೂ ನಿಲ್ಲುತ್ತಾರಾ? "ಕೈ ನೆಲಕ್ಕೆ ಸಿಗದಿದ್ದರೆ ಹೀಗೆ ಮಾಡಿ" ಅಂತ ಇನ್ನೊಂದು ದಾರಿ ತೋರಿಸುತ್ತಾರಾ? ಕೊನೆಯ ಮೂರು ನಿಮಿಷ ಶವಾಸನಕ್ಕೆ ಬಿಟ್ಟಿದ್ದಾರಾ? ಮೂರಕ್ಕೂ ಹೌದು ಅನ್ನುವ ಉತ್ತರ ಸಿಕ್ಕರೆ ಆ ವಿಡಿಯೊ ಇಟ್ಟುಕೊಳ್ಳಿ.

ಉದ್ದ 15ರಿಂದ 20 ನಿಮಿಷ ಸಾಕು. ಒಂದು ಗಂಟೆಯ ವಿಡಿಯೊ ಹಾಕಿಕೊಂಡು ಅರ್ಧಕ್ಕೆ ಬಿಡುವವರೇ ಜಾಸ್ತಿ. ಅರ್ಧಕ್ಕೆ ಬಿಟ್ಟಾಗ ತಪ್ಪುವುದು ಕೊನೆಯ ಭಾಗ, ಅಂದರೆ ಮೈ ತಣಿಸುವ ಭಾಗ.

ಶೈಲಿಯ ಹೆಸರುಗಳು ಸ್ವಲ್ಪ ಗೊಂದಲ ಹುಟ್ಟಿಸುತ್ತವೆ. 'ಹಠ' ಅಂತ ಬರೆದಿದ್ದರೆ ಸಾಮಾನ್ಯವಾಗಿ ನಿಧಾನ. ಒಂದು ಆಸನ, ಸ್ವಲ್ಪ ಬಿಡುವು, ಇನ್ನೊಂದು ಆಸನ. 'ವಿನ್ಯಾಸ' ಅಥವಾ 'ಫ್ಲೋ' ಅಂದರೆ ಒಂದರಿಂದ ಒಂದಕ್ಕೆ ನಿಲ್ಲದೆ ಹರಿಯುವಂಥದ್ದು. 'ಪವರ್' ಅಂತ ಇದ್ದರೆ ಸದ್ಯಕ್ಕೆ ಅದರ ತಂಟೆ ಬೇಡ. 'ಯಿನ್' ಎನ್ನುವುದರಲ್ಲಿ ಒಂದೇ ಭಂಗಿಯಲ್ಲಿ ಮೂರು ಮೂರು ನಿಮಿಷ, ಕೆಲವೊಮ್ಮೆ ಐದು ನಿಮಿಷ ಇರಬೇಕು. ನೋಡಲು ಸುಲಭ, ಇರಲು ಕಷ್ಟ.

ಈ ವೇಗದ ಸರಣಿಗಳ ಬೇರು ಎಲ್ಲಿದೆ ಗೊತ್ತಾ? 1930ರ ದಶಕದ ಮೈಸೂರಿನಲ್ಲಿ. ಅರಮನೆಯ ಯೋಗಶಾಲೆಯಲ್ಲಿ ಟಿ. ಕೃಷ್ಣಮಾಚಾರ್ಯರು ಕಲಿಸುತ್ತಿದ್ದರು. ಕಲಿಯುತ್ತಿದ್ದವರು ಹೆಚ್ಚಾಗಿ ಹುಡುಗರು. ಅವರ ಶಿಷ್ಯ ಕೆ. ಪಟ್ಟಾಭಿ ಜೋಯಿಸರು ಉಸಿರಿಗೆ ಆಸನ ಜೋಡಿಸಿ ಸರಸರ ಸಾಗುವ ಅಷ್ಟಾಂಗ ವಿನ್ಯಾಸ ಪದ್ಧತಿಯನ್ನು ಬೆಳೆಸಿದರು. ಇನ್ನೊಬ್ಬ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರ್ ಬೇರೆ ದಾರಿ ಹಿಡಿದರು. ಒಂದೇ ಆಸನದಲ್ಲಿ ಹೆಚ್ಚು ಹೊತ್ತು ನಿಲ್ಲುವುದು, ಕೈ ನೆಲಕ್ಕೆ ಸಿಗದಿದ್ದರೆ ಇಟ್ಟಿಗೆಯಂಥ ಆಸರೆ, ಅಂದರೆ ಬ್ಲಾಕ್ ಇಡುವುದು, ಕಾಲು ಸಿಗದಿದ್ದರೆ ಬೆಲ್ಟ್ ಹಾಕುವುದು. ಒಬ್ಬರೇ ಗುರು, ಎರಡು ದಾರಿ. ದಿನವಿಡೀ ಕುರ್ಚಿಯಲ್ಲಿ ಕೂತು ಬಿಗಿದುಕೊಂಡ ಸೊಂಟಕ್ಕೆ ಎರಡನೇ ದಾರಿಯೇ ಮೊದಲು ಒಗ್ಗುತ್ತದೆ ಅನ್ನುವುದು ನನ್ನ ಅನುಭವ. ಹದಿಹರೆಯದ ಹುಡುಗರ ಮೈಗೆ ಹೊಂದಿದ ವೇಗಕ್ಕೆ ನಾವು ಮೊದಲ ದಿನವೇ ಯಾಕೆ ಓಡಬೇಕು?

ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ. ಟೀಚರ್ ನಿಮ್ಮ ಕಡೆ ಮುಖ ಮಾಡಿ ನಿಂತಾಗ "ಬಲಗೈ" ಅಂತ ಹೇಳಿ ತಮ್ಮ ಎಡಗೈ ಎತ್ತುತ್ತಾರಾ ನೋಡಿ. ಹಾಗಿದ್ದರೆ ಅವರು ಕನ್ನಡಿಯಂತೆ ಮಾಡುತ್ತಿದ್ದಾರೆ. ನೀವು ಕಣ್ಣಿಗೆ ಕಂಡದ್ದನ್ನೇ ಮಾಡಬಹುದು. ಅವರೂ ಬಲಗೈಯನ್ನೇ ಎತ್ತಿದರೆ ಕಣ್ಣು ಬಿಟ್ಟು ಕಿವಿಯನ್ನು ನಂಬಿ. ಇದನ್ನು ಮೊದಲೇ ತಿಳಿದುಕೊಂಡರೆ ನನ್ನ ಹಾಗೆ ಎಡಗಾಲು ಬಲಗಾಲು ಅಂತ ಒದ್ದಾಡುವುದು ತಪ್ಪುತ್ತದೆ. ಕಣ್ಣು ಮುಚ್ಚಿಕೊಂಡು ಒಂದು ನಿಮಿಷ ಬರೀ ದನಿ ಕೇಳಿಸಿಕೊಳ್ಳಿ. ಕೈಕಾಲು ಎಲ್ಲಿಡಬೇಕು ಅಂತ ಮಾತಿನಿಂದಲೇ ಗೊತ್ತಾದರೆ ಆ ಟೀಚರ್ ಒಳ್ಳೆಯವರು. ಬರೀ ಹಿನ್ನೆಲೆ ಸಂಗೀತ, ಸಮುದ್ರದಂಡೆ, ಸೂರ್ಯಾಸ್ತ ಇದ್ದರೆ ನೋಡಲು ಚಂದ, ಅಷ್ಟೇ.

ಜಾಗ, ಮೊಬೈಲ್, ಆಸರೆ

ಮ್ಯಾಟ್ ಸಾಮಾನ್ಯವಾಗಿ 68 ಇಂಚು ಉದ್ದ, 24 ಇಂಚು ಅಗಲ ಇರುತ್ತದೆ. ಅಷ್ಟು ಹಾಸಿದರೆ ಸಾಲದು. ಮ್ಯಾಟ್ ನಡುವೆ ನಿಂತು ಎರಡೂ ಕೈ ಅಗಲಿಸಿ ಒಂದು ಸುತ್ತು ತಿರುಗಿ. ಏನೂ ತಗಲಬಾರದು. ಕೈ ಮೇಲೆತ್ತಿ, ಫ್ಯಾನ್ ಎಷ್ಟು ದೂರ ಇದೆ ನೋಡಿ. ಮಲಗಿ ಕಾಲು ಅಗಲಿಸಿ. ಮೇಜಿನ ಮೂಲೆ, ಕುರ್ಚಿಯ ಕಾಲು ತಗಲಿದರೆ ಸರಿಸಿ. ಹಾಸಿಗೆಯ ಮೇಲೆ ಮಾಡಬೇಡಿ. ಪಾದ ಹೂತುಕೊಂಡು ಸಮತೋಲ ಸಿಗುವುದಿಲ್ಲ. ಕಾಲುಚೀಲ ಬಿಚ್ಚಿ, ಅದು ಜಾರುತ್ತದೆ. ಮ್ಯಾಟ್ ದಪ್ಪ ನಾಲ್ಕರಿಂದ ಆರು ಮಿಲಿಮೀಟರ್ ಇದ್ದರೆ ಮಂಡಿಗೂ ಹಿತ, ಒಂಟಿಕಾಲಿನಲ್ಲಿ ನಿಲ್ಲಲಿಕ್ಕೂ ಅಡ್ಡಿಯಿಲ್ಲ.

ಮೊಬೈಲ್ ಇಡುವ ಜಾಗಕ್ಕೆ ಐದು ನಿಮಿಷ ಕೊಡಿ. ಮ್ಯಾಟ್‌ನ ಉದ್ದ ಬದಿಗೆ, ಸುಮಾರು ಒಂದು ಮೀಟರ್ ದೂರದಲ್ಲಿ, ನೆಲದ ಮೇಲೆಯೇ ದಪ್ಪ ಪುಸ್ತಕಕ್ಕೆ ಒರಗಿಸಿ ಇಡಿ. ಹೆಚ್ಚಿನ ವಿಡಿಯೊಗಳಲ್ಲಿ ಟೀಚರ್ ಮ್ಯಾಟ್ ಅಡ್ಡಕ್ಕೆ ಹಾಸಿಕೊಂಡಿರುತ್ತಾರೆ. ನೀವೂ ಹಾಗೇ ಹಾಸಿಕೊಂಡರೆ ಅವರ ಮುಂದು ನಿಮ್ಮ ಮುಂದು ಒಂದೇ ಆಗುತ್ತದೆ. ಟಿವಿಯಲ್ಲಿ ಹಾಕಿಕೊಂಡರೆ ಚಿತ್ರ ದೊಡ್ಡದು ಸಿಗುತ್ತದೆ, ನಿಜ. ಆದರೆ ಟಿವಿ ಎತ್ತರದಲ್ಲಿದ್ದರೆ ಮಲಗಿದಾಗ, ಬಗ್ಗಿದಾಗ ಕತ್ತು ಎತ್ತಬೇಕಾಗುತ್ತದೆ. ನಿಯಮ ಒಂದೇ: ಆಸನದಲ್ಲಿ ಇರುವಾಗ ಪರದೆ ನೋಡಲು ಕತ್ತು ತಿರುಗಿಸಬೇಡಿ. ನೋಡಲೇಬೇಕು ಅನಿಸಿದರೆ ಆಸನದಿಂದ ಹೊರಗೆ ಬಂದು ನೋಡಿ.

ಮೊಬೈಲ್ ಪರದೆ ತಾನಾಗಿ ಆರದಂತೆ ಸೆಟ್ಟಿಂಗ್ ಬದಲಿಸಿ. ನೋಟಿಫಿಕೇಷನ್ ಬಂದ್ ಮಾಡಿ. ಒಂದು ವಿಡಿಯೊ ಮುಗಿದ ಕೂಡಲೇ ಇನ್ನೊಂದು ಶುರುವಾಗುವ ಆಟೊಪ್ಲೇ ಕೂಡ ಬಂದ್. ಇದರ ಕಾರಣ ಶವಾಸನದ ಹೊತ್ತಿಗೆ ಗೊತ್ತಾಗುತ್ತದೆ.

ಬ್ಲಾಕ್ ಇಲ್ಲದಿದ್ದರೆ ಎರಡು ಮೂರು ದಪ್ಪ ಪುಸ್ತಕ ಒಟ್ಟಿಗೆ ಸೇರಿಸಿ ದಾರದಿಂದ ಬಿಗಿಯಾಗಿ ಕಟ್ಟಿ. ಕಟ್ಟದೆ ಇಟ್ಟರೆ ಕೈ ಊರಿದಾಗ ಮೇಲಿನದು ಜಾರುತ್ತದೆ. ಬೆಲ್ಟ್ ಬದಲು ಉದ್ದನೆಯ ಟವೆಲ್. ಮಂಡಿಯ ಕೆಳಗೆ, ಕೂರುವಾಗ ಕೆಳಗೆ ಹಾಕಿಕೊಳ್ಳಲು ಮಡಚಿದ ಹೊದಿಕೆ. ಒಂದು ಖಾಲಿ ಗೋಡೆ ಹತ್ತಿರ ಇದ್ದರೆ ಎಲ್ಲಕ್ಕಿಂತ ಒಳ್ಳೆಯದು.

ಮೊದಲ ದಿನ: ಸುಮ್ನೆ ಕೂತು ನೋಡಿ

ಇದು ಎಲ್ಲರೂ ಹಾರಿಸುವ ಹಂತ. ನಾನೂ ಹಾರಿಸಿದ್ದೆ, ಕತ್ತು ಹಿಡಿದುಕೊಂಡಿತು. ಮೊದಲ ದಿನ ಮ್ಯಾಟ್ ಬೇಡ. ಕುರ್ಚಿಯಲ್ಲಿ ಆರಾಮಾಗಿ ಕೂತು ವಿಡಿಯೊ ಪೂರ್ತಿ ನೋಡಿ. ಕೈಯಲ್ಲಿ ಒಂದು ಚೀಟಿ ಇರಲಿ. ಯಾವ ಆಸನದ ನಂತರ ಯಾವುದು ಅಂತ ನಿಮ್ಮದೇ ಮಾತಿನಲ್ಲಿ ಬರೆದುಕೊಳ್ಳಿ. 'ಬೆಕ್ಕು', 'ನಾಯಿ', 'ಬಲಗಾಲು ಮುಂದೆ', 'ಹಾವು', 'ಮರ', 'ಮಲಗಿ ತಿರುಚು', ಇಷ್ಟಿದ್ದರೆ ಸಾಕು. ನನ್ನ ಮೊದಲ ವಿಡಿಯೊದ ಪಟ್ಟಿ ಹನ್ನೊಂದು ಸಾಲಿನಲ್ಲಿ ಮುಗಿಯಿತು. ಇಪ್ಪತ್ತು ನಿಮಿಷದ ಗಾಬರಿಯೆಲ್ಲ ಹನ್ನೊಂದು ಸಾಲು! ನಿಮಗೆ ಕಷ್ಟ ಅನಿಸಿದ ಕಡೆ ಒಂದು ಗುರುತು ಹಾಕಿ, ಆ ನಿಮಿಷವನ್ನೂ ಬರೆಯಿರಿ. ಮರುದಿನ ಅಲ್ಲಿ ಪಾಸ್ ಮಾಡಬೇಕಾಗುತ್ತದೆ.

ಎರಡನೇ ದಿನ: ಈಗ ಮ್ಯಾಟ್

ಚೀಟಿಯನ್ನು ಮೊಬೈಲ್ ಪಕ್ಕ ಅಂಟಿಸಿ. ವಿಡಿಯೊದ ವೇಗವನ್ನು 0.75ಕ್ಕೆ ಇಳಿಸಿ ನೋಡಿ. ಟೀಚರ್ ದನಿ ನಿದ್ದೆಗಣ್ಣಿನಲ್ಲಿ ಮಾತಾಡಿದ ಹಾಗೆ ಕೇಳುತ್ತದೆ, ಆದರೆ ನಿಮಗೆ ಕಾಲು ಹುಡುಕಿಕೊಳ್ಳಲು ಸಮಯ ಸಿಗುತ್ತದೆ. ಅವರು ಹೇಳಿದ ಉಸಿರಿನ ಲೆಕ್ಕಕ್ಕೆ ಮಾತ್ರ ಈ ನಿಧಾನದಲ್ಲಿ ಕಟ್ಟುಬೀಳಬೇಡಿ. ನಿಮ್ಮ ಉಸಿರನ್ನು ನೀವೇ ಎಣಿಸಿ.

ಉಸಿರಿನ ಸೂತ್ರ ಸರಳ. ಎದೆ ತೆರೆದುಕೊಳ್ಳುವಾಗ, ಕೈ ಮೇಲೆತ್ತುವಾಗ ಒಳಗೆ. ಬಗ್ಗುವಾಗ, ಮಡಚುವಾಗ, ತಿರುಚುವಾಗ ಹೊರಗೆ. ಮೂಗಿನಿಂದಲೇ. ಗೊಂದಲವಾದರೆ ಈ ಸೂತ್ರವನ್ನೂ ಬಿಟ್ಟುಬಿಡಿ, ಉಸಿರು ಕಟ್ಟದಿದ್ದರೆ ಸಾಕು. ಹೊಸಬರು ಕಷ್ಟದ ಭಂಗಿಯಲ್ಲಿ ಗೊತ್ತಿಲ್ಲದೆಯೇ ಉಸಿರು ಬಿಗಿಹಿಡಿಯುತ್ತಾರೆ. ಆಗ ರಕ್ತದೊತ್ತಡ ಏರುತ್ತದೆ. ಒಂದು ಪರೀಕ್ಷೆ ಇದೆ. ಆಸನದಲ್ಲಿ ಇರುವಾಗಲೇ "ನನ್ನ ಹೆಸರು ಇಂಥದ್ದು, ನಾನು ಆರಾಮಾಗಿದ್ದೇನೆ" ಅಂತ ಗಟ್ಟಿಯಾಗಿ ಹೇಳಿ. ನಡುವೆ ಉಸಿರು ತುಂಡಾದರೆ ನೀವು ಆರಾಮಾಗಿಲ್ಲ ಅಂತಲೇ ಅರ್ಥ, ಅಲ್ವಾ? ಅರ್ಧದಷ್ಟು ಹಿಂದೆ ಬನ್ನಿ.

ಇನ್ನು ಹೊಸಬರ ವಿಡಿಯೊಗಳಲ್ಲಿ ಬಂದೇ ಬರುವ ಕೆಲವು ಆಸನಗಳನ್ನು ಹತ್ತಿರದಿಂದ ನೋಡೋಣ. ಟೀಚರ್ ಬಂದು ತಿದ್ದುವುದಿಲ್ಲವಾದ್ದರಿಂದ ಪ್ರತಿಯೊಂದರಲ್ಲೂ ನೀವೇ ಪರೀಕ್ಷಿಸಿಕೊಳ್ಳುವ ಒಂದು ಜಾಗ ಹೇಳುತ್ತೇನೆ.

ಚಕ್ಕಳಮಕ್ಕಳ ಹಾಕಿ ಕೂರುವುದರಿಂದಲೇ ಶುರುವಾಗುತ್ತದೆ. ಮಂಡಿಗಳು ಸೊಂಟಕ್ಕಿಂತ ಮೇಲೆ ಇವೆಯಾ? ಹಾಗಿದ್ದರೆ ಬೆನ್ನು ತಾನಾಗಿ ಗೂನಾಗುತ್ತದೆ. ಮಡಚಿದ ಹೊದಿಕೆಯನ್ನು ಕೆಳಗೆ ಹಾಕಿಕೊಂಡು, ಮಂಡಿ ಸೊಂಟಕ್ಕಿಂತ ಕೆಳಗೆ ಬರುವಷ್ಟು ಎತ್ತರದಲ್ಲಿ ಕೂರಿ.

ಮಾರ್ಜಾರಿಯಾಸನ, ಅಂದರೆ ಬೆಕ್ಕು. ಮಂಡಿ, ಅಂಗೈ ನೆಲಕ್ಕೆ ಊರಿ ಬೆನ್ನನ್ನು ಏರಿಸಿ ಇಳಿಸುವುದು. ಮಂಡಿ ಸೊಂಟದ ನೇರಕ್ಕೆ, ಅಂಗೈ ಭುಜದ ನೇರಕ್ಕೆ. ಬೆನ್ನು ಇಳಿಸುವಾಗ ಕತ್ತನ್ನು ಹಿಂದಕ್ಕೆ ಒಗೆಯಬೇಡಿ. ಬೆನ್ನಿನ ತುದಿಯ ಬಾಲದ ಮೂಳೆಯಿಂದ ಶುರುವಾದ ಅಲೆ ಕೊನೆಗೆ ಕತ್ತಿಗೆ ಬರಲಿ.

ಅಧೋಮುಖ ಶ್ವಾನಾಸನಕ್ಕೆ, ಅಂದರೆ ಶುರುವಿನಲ್ಲಿ ನಾನು ಸೊಂಟ ಮೇಲೆತ್ತಿ, ತಲೆ ಕೆಳಗೆ ಮಾಡಿ ನಿಂತಿದ್ದ ಆ 'ನಾಯಿ' ಭಂಗಿಗೆ, ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ವಿಡಿಯೊಗಳಲ್ಲಿ ಇದನ್ನು 'ವಿಶ್ರಾಂತಿ' ಅನ್ನುತ್ತಾರೆ. ಹೊಸಬರಿಗೆ ಇದು ವಿಶ್ರಾಂತಿಯ ಹತ್ತಿರವೂ ಇಲ್ಲ. ಪರದೆಯಲ್ಲಿ ಟೀಚರ್ ಕಾಲು ಕೋಲಿನ ಹಾಗೆ ನೇರ, ಹಿಮ್ಮಡಿ ನೆಲಕ್ಕೆ. ಅದನ್ನು ನೋಡಿ ನಾವೂ ಹಿಮ್ಮಡಿ ತಳ್ಳುತ್ತೇವೆ. ತೊಡೆಯ ಹಿಂಭಾಗ ಬಿಗಿ ಇರುವುದರಿಂದ ಸೊಂಟ ಒಳಕ್ಕೆ ಹೋಗಿ ಬೆನ್ನು ಆಮೆಯ ಚಿಪ್ಪಿನ ಹಾಗೆ ಆಗುತ್ತದೆ. ಭಾರವೆಲ್ಲ ಮಣಿಕಟ್ಟಿಗೆ ಬೀಳುತ್ತದೆ. ಇದಕ್ಕೆ ಮದ್ದು ಮಂಡಿ ಬಗ್ಗಿಸುವುದು. ನಾಚಿಕೊಳ್ಳದೆ ಚೆನ್ನಾಗಿ ಬಗ್ಗಿಸಿ. ಹಿಮ್ಮಡಿ ಗಾಳಿಯಲ್ಲೇ ಇರಲಿ. ಹೊಟ್ಟೆಯನ್ನು ತೊಡೆಯ ಕಡೆ ತಂದು, ಬಾಲದ ಮೂಳೆಯನ್ನು ಮೇಲಕ್ಕೆ ಹಿಂದಕ್ಕೆ ಕಳಿಸಿ. ಬೆರಳುಗಳನ್ನು ಅಗಲಿಸಿ, ತೋರುಬೆರಳಿನ ಬುಡದ ಗೆಣ್ಣನ್ನು ನೆಲಕ್ಕೆ ಒತ್ತಿ. ಆ ಒಂದು ಗೆಣ್ಣು ಒತ್ತಿದರೆ ಮಣಿಕಟ್ಟಿನ ಭಾರ ಅರ್ಧ ಇಳಿದಂತೆ ಅನಿಸುತ್ತದೆ. ತಲೆ ಜೋತು ಬಿದ್ದಿರಲಿ. ನೋಡಿಕೊಳ್ಳಬೇಕಾದ ಜಾಗ ಭುಜ: ಕಿವಿಗೂ ಭುಜಕ್ಕೂ ನಡುವೆ ಜಾಗ ಇದೆಯಾ? ಇಷ್ಟಾದ ಮೇಲೂ ಮಣಿಕಟ್ಟು ನೋಯುತ್ತಿದ್ದರೆ ನೆಲಕ್ಕೆ ಬದಲು ಗೋಡೆಗೆ ಅಂಗೈ ಒತ್ತಿ, ಹಿಂದಕ್ಕೆ ನಡೆದು, ಸೊಂಟದಿಂದ ಬಗ್ಗಿ ನಿಲ್ಲಿ. ಮೈಗೆ ಸಿಗುವುದು ಹೆಚ್ಚುಕಡಿಮೆ ಅದೇ.

ದಣಿವಾದಾಗಲೆಲ್ಲ ಬಾಲಾಸನಕ್ಕೆ ಇಳಿಯಿರಿ. ಮಂಡಿಯೂರಿ, ಹಿಮ್ಮಡಿಯ ಮೇಲೆ ಕೂತು, ಹಣೆ ನೆಲಕ್ಕೆ. ಹಣೆ ಸಿಗದಿದ್ದರೆ ಪುಸ್ತಕದ ಕಟ್ಟನ್ನು ಕೆಳಗಿಡಿ. ವಿಡಿಯೊ ತನ್ನ ಪಾಡಿಗೆ ಓಡಲಿ ಬಿಡಿ.

ಪ್ಲ್ಯಾಂಕ್‌ನಿಂದ ನಿಧಾನಕ್ಕೆ ಕೆಳಗಿಳಿಯುವ ಚತುರಂಗ ದಂಡಾಸನ ಬಂದರೆ ಎರಡೂ ಮಂಡಿ ನೆಲಕ್ಕೆ ಇಟ್ಟೇ ಇಳಿಯಿರಿ. ಭುಜದ ಗಾಯಗಳು ಶುರುವಾಗುವ ಜಾಗ ಇದು. ಇಳಿಯುವಾಗ ಭುಜ ಮೊಣಕೈಗಿಂತ ಕೆಳಗೆ ಕುಸಿಯಬಾರದು.

ಬೋರಲು ಮಲಗಿ ಹಾವಿನ ಹೆಡೆಯಂತೆ ಎದೆ ಎತ್ತುವ ಭುಜಂಗಾಸನದಲ್ಲಿ ನಾವು ಮಾಡುವ ತಪ್ಪು ಕೈಯಿಂದ ಮೈ ಎತ್ತುವುದು. ಎದೆ ಎತ್ತಿದ ಮೇಲೆ ಒಂದು ಕ್ಷಣ ಎರಡೂ ಅಂಗೈ ನೆಲದಿಂದ ಎತ್ತಿ ನೋಡಿ. ಎದೆ ಎಷ್ಟು ಕೆಳಗೆ ಇಳಿಯುತ್ತದೋ ಅಷ್ಟು ಭಾಗ ಕೈಯ ಬಲ. ಉಳಿದದ್ದು ಬೆನ್ನಿನದು. ಸದ್ಯಕ್ಕೆ ಅದೇ ನಿಮ್ಮ ಎತ್ತರ. ನನ್ನದು ನಾಲ್ಕು ಬೆರಳಿನಷ್ಟಿತ್ತು. ಪರದೆಯಲ್ಲಿದ್ದ ಹಾವು ಹೆಡೆ ಎತ್ತಿತ್ತು, ನಾನು ಎರೆಹುಳುವಿನ ಹಾಗೆ ಇದ್ದೆ. ಪರವಾಗಿಲ್ಲ. ಸೊಂಟದ ಹತ್ತಿರ ಚುಚ್ಚಿದಂತಾಗುವುದು ಅವತ್ತಿನಿಂದ ನಿಂತಿತು.

ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸಿ, ಇನ್ನೊಂದನ್ನು ಹಿಂದಕ್ಕೆ ನೇರ ಚಾಚಿ ನಿಲ್ಲುವ ವೀರಭದ್ರಾಸನದಲ್ಲಿ ಮುಂದಿನ ಮಂಡಿಯನ್ನು ನೋಡಿ. ಅದು ಪಾದದ ಕೀಲಿನ ನೇರಕ್ಕೆ ಇರಬೇಕು, ಒಳಗೆ ವಾಲಬಾರದು. ಮಂಡಿಯ ಒಳಬದಿಯಿಂದ ಕೆಳಗೆ ನೋಡಿದರೆ ಹೆಬ್ಬೆರಳು ಕಾಣಬೇಕು. ಕಾಣದಿದ್ದರೆ ಮಂಡಿ ಒಳಗೆ ಬಿದ್ದಿದೆ. ವೃಕ್ಷಾಸನದಲ್ಲಿ ಎತ್ತಿದ ಪಾದವನ್ನು ಇನ್ನೊಂದು ಕಾಲಿನ ಮಂಡಿಗೆ ಒತ್ತಬೇಡಿ. ಮೇಲೆ ತೊಡೆಗೆ ಇಡಿ, ಇಲ್ಲವೇ ಕೆಳಗೆ ಮೀನಖಂಡಕ್ಕೆ. ಹೆಬ್ಬೆರಳು ನೆಲಕ್ಕೆ ತಾಗಿಸಿಕೊಂಡರೂ ಅದು ಮರವೇ. ಗೋಡೆಯ ಮೇಲೆ ಅಲ್ಲಾಡದ ಒಂದು ಚುಕ್ಕೆಯಲ್ಲಿ ಕಣ್ಣು ನೆಡಿ. ಇಲ್ಲಿ ಪರದೆ ನೋಡಿದರೆ ಬಿದ್ದೇ ಬೀಳುತ್ತೀರಿ, ಯಾಕೆಂದರೆ ಅಲ್ಲಿ ಎಲ್ಲವೂ ಅಲ್ಲಾಡುತ್ತಿರುತ್ತದೆ.

ಮುಂದಕ್ಕೆ ಬಗ್ಗುವ ಯಾವ ಆಸನವೇ ಇರಲಿ, ಬಗ್ಗಬೇಕಾದದ್ದು ತೊಡೆ ಸೊಂಟ ಸೇರುವ ಕೀಲಿನಿಂದ. ಎರಡೂ ಕೈಯ ಅಂಚನ್ನು ಆ ಮಡಿಕೆಯಲ್ಲಿಟ್ಟು ಬಗ್ಗಿ. ಕೈ ಅಲ್ಲಿ ಸಿಕ್ಕಿಕೊಂಡರೆ ಸರಿಯಾಗಿ ಬಗ್ಗಿದ್ದೀರಿ. ಬೆರಳು ಪಾದಕ್ಕೆ ಮುಟ್ಟಿತೋ ಇಲ್ಲವೋ ಅನ್ನುವ ಲೆಕ್ಕ ಯಾರೂ ಇಡುತ್ತಿಲ್ಲ.

ವಿಡಿಯೊದಲ್ಲಿ ಸೂರ್ಯನಮಸ್ಕಾರ ಇದ್ದರೆ ಎಷ್ಟು ಸುತ್ತು ಅನ್ನುವುದನ್ನು ಮೊದಲೇ ಗಮನಿಸಿ. ಸಾಮಾನ್ಯವಾಗಿ 12 ಹಂತ. ಕೆಲವರು ಬಲಗಾಲಿನ 12ನ್ನೇ ಒಂದು ಸುತ್ತು ಅನ್ನುತ್ತಾರೆ. ಕೆಲವರು ಎರಡೂ ಕಾಲಿನದು ಸೇರಿಸಿ ಒಂದು ಅನ್ನುತ್ತಾರೆ. "ಬರೀ ನಾಲ್ಕು ಸುತ್ತು" ಅಂದದ್ದು ಎಂಟಾಗಬಹುದು.

ಯಾವ ನೋವು ಸರಿ, ಯಾವುದು ಅಲ್ಲ

ಸ್ನಾಯುವಿನ ನಡುಭಾಗದಲ್ಲಿ, ಅಗಲವಾಗಿ, ಎಳೆದ ಹಾಗೆ ಅನಿಸಿದರೆ ಅದು ಸ್ನಾಯು ಹಿಗ್ಗುವ ಸೆಳೆತ, ಪರವಾಗಿಲ್ಲ. ಉಸಿರು ಬಿಟ್ಟಾಗ ಸ್ವಲ್ಪ ಸಡಿಲವಾಗುತ್ತದೆ. ಕೀಲಿನಲ್ಲಿ, ಒಂದೇ ಬಿಂದುವಿನಲ್ಲಿ, ಸೂಜಿ ಚುಚ್ಚಿದ ಹಾಗೆ ಅನಿಸಿದರೆ ನಿಲ್ಲಿಸಿ. ಕೈಕಾಲಿಗೆ ಜೋಮು ಹಿಡಿದರೆ, ಬೆನ್ನಿನಿಂದ ಕಾಲಿನವರೆಗೆ ಮಿಂಚು ಹರಿದಂತಾದರೆ ನಿಲ್ಲಿಸಿ. ತಲೆ ಸುತ್ತಿದರೆ ಕೂತುಕೊಳ್ಳಿ. ಎದೆಯಲ್ಲಿ ನೋವು ಬಂದರೆ ಅದು ಯೋಗದ ವಿಷಯವೇ ಅಲ್ಲ, ಕೂಡಲೇ ವೈದ್ಯರ ನೆರವು ಪಡೆಯಬೇಕು.

ಮರುದಿನ ತೊಡೆ, ಪಕ್ಕೆ, ತೋಳು ನೊಂದರೆ ಗಾಬರಿ ಬೇಡ. ಹೊಸ ಕೆಲಸ ಮಾಡಿದ ಸ್ನಾಯುಗಳು ಒಂದರಿಂದ ಮೂರು ದಿನ ನೋಯುವುದು ಸಹಜ. ಅದಕ್ಕೇ ಮೊದಲ ವಾರಗಳಲ್ಲಿ ದಿನ ಬಿಟ್ಟು ದಿನ, ವಾರಕ್ಕೆ ಮೂರು ಸಲ ಸಾಕು ಅನ್ನುತ್ತೇನೆ. ನಿಂತಾಗಲೂ ಕೂತಾಗಲೂ ಒಂದೇ ಕೀಲು ನೋಯುತ್ತಿದ್ದು, ವಾರವಾದರೂ ಇಳಿಯದಿದ್ದರೆ ತೋರಿಸಿಕೊಳ್ಳಿ.

ಶವಾಸನ ತಪ್ಪಿಸಬೇಡಿ

ಇಲ್ಲಿಗೆ ಬರುವಷ್ಟರಲ್ಲಿ ಎದ್ದು ಹೋಗುವ ಮನಸ್ಸಾಗುತ್ತದೆ. ಸುಮ್ನೆ ಮಲಗುವುದರಲ್ಲಿ ಏನಿದೆ ಅಂತ ನಾನೂ ಅಂದುಕೊಂಡಿದ್ದೆ. ಕಾಲು ಸ್ವಲ್ಪ ಅಗಲ, ಅಂಗೈ ಮೇಲ್ಮುಖ, ಕಣ್ಣು ಮುಚ್ಚಿ ಮೂರರಿಂದ ಐದು ನಿಮಿಷ. ಸೊಂಟ ನೆಲಕ್ಕೆ ಒಗ್ಗದಿದ್ದರೆ ಮಂಡಿಯ ಕೆಳಗೆ ದಿಂಬು ಇಡಿ. ಮೈ ಬೇಗ ತಣ್ಣಗಾಗುತ್ತದೆ, ಹೊದಿಕೆ ಹೊದ್ದುಕೊಳ್ಳಬಹುದು. ಈಗ ಆಟೊಪ್ಲೇ ವಿಷಯ. ಒಂದು ದಿನ ನಾನು ಹೀಗೆ ಮಲಗಿ, ಅಂತೂ ಭುಜ ನೆಲಕ್ಕೆ ಇಳಿಯಿತು ಅನ್ನುವಷ್ಟರಲ್ಲಿ ವಿಡಿಯೊ ಮುಗಿದು, ಮುಂದಿನದು ಡೋಲು ಬಡಿದುಕೊಂಡು ಶುರುವಾಯಿತು. ಹೊಟ್ಟೆ ಕರಗಿಸುವ ಕಸರತ್ತು! ಎದ್ದು ಕೂತ ರಭಸಕ್ಕೆ ಇಪ್ಪತ್ತು ನಿಮಿಷದ ಯೋಗ ಎಲ್ಲಿ ಹೋಯಿತೋ.

ಏಳುವಾಗ ನೇರ ಎದ್ದು ಕೂರಬೇಡಿ. ಬಲಮಗ್ಗುಲಿಗೆ ಹೊರಳಿ, ಎರಡು ಉಸಿರು ಇದ್ದು, ಕೈ ಊರಿ ಏಳಿ. ತಲೆ ಕೊನೆಗೆ ಬರಲಿ.

ಎರಡು ವಾರ ಅದೇ ವಿಡಿಯೊ

ದಿನಕ್ಕೊಂದು ಹೊಸ ವಿಡಿಯೊ ಹುಡುಕುವ ಚಟ ಬೇಡ. ಹೊಸ ವಿಡಿಯೊ ಅಂದರೆ ಮತ್ತೆ ಪರದೆಗೆ ಕಣ್ಣು ಅಂಟಿಸಿಕೊಳ್ಳುವುದು. ಅದೇ ವಿಡಿಯೊವನ್ನು ಆರು ಸಲ ಮಾಡಿ. ಮೂರನೇ ಸಲಕ್ಕೆ ವೇಗವನ್ನು ಮಾಮೂಲಿಗೆ ತನ್ನಿ. ನಾಲ್ಕನೇ ಸಲಕ್ಕೆ ಪರದೆಯನ್ನು ಗೋಡೆ ಕಡೆ ತಿರುಗಿಸಿ, ಬರೀ ದನಿ ಕೇಳಿಕೊಂಡು ಮಾಡಿ ನೋಡಿ. ಎಲ್ಲಿ ತಡವರಿಸುತ್ತೀರೋ ಆ ಆಸನ ಇನ್ನೂ ಮೈಗೆ ಬಂದಿಲ್ಲ.

ಈ ನಡುವೆ ಒಂದು ದಿನ ಪಾತ್ರ ಅದಲುಬದಲು ಮಾಡಿ. ಮೊಬೈಲನ್ನು ಅದೇ ಜಾಗದಲ್ಲಿಟ್ಟು, ನಿಮ್ಮದೇ ವಿಡಿಯೊ ತೆಗೆಯಿರಿ. ಪೂರ್ತಿ ಬೇಡ, ಎರಡು ಆಸನ ಸಾಕು. ಪಕ್ಕದಿಂದ ಶ್ವಾನಾಸನ, ಎದುರಿನಿಂದ ವೀರಭದ್ರಾಸನ. ಆಮೇಲೆ ಟೀಚರ್ ವಿಡಿಯೊವನ್ನು ಅದೇ ಭಂಗಿಯಲ್ಲಿ ನಿಲ್ಲಿಸಿ, ಎರಡನ್ನೂ ಒಂದರ ನಂತರ ಒಂದು ನೋಡಿ. ಹೊಟ್ಟೆ, ಕೂದಲು, ಹಳೇ ಬನಿಯನ್ ಇವುಗಳನ್ನೆಲ್ಲ ಬಿಟ್ಟು ಮೂರೇ ಜಾಗ ನೋಡಿ: ಭುಜ, ಬೆನ್ನು, ಮಂಡಿ. ನನ್ನ ಕೈ ಪೂರ್ತಿ ನೇರ ಇದೆ ಅಂತ ನಾನು ಆಣೆ ಮಾಡುತ್ತಿದ್ದೆ. ವಿಡಿಯೊದಲ್ಲಿ ಎಡ ಮೊಣಕೈ ಬಗ್ಗಿತ್ತು, ಎಡ ಭುಜ ಕಿವಿಗೆ ಅಂಟಿತ್ತು. ಬಲಗಡೆ ಸರಿಯಿತ್ತು. ಕಂಪ್ಯೂಟರ್ ಮುಂದೆ ಕೂತಾಗಲೂ ಅದೇ ಎಡ ಭುಜ ಏರಿರುತ್ತದೆ ಅನ್ನುವುದು ಮರುದಿನ ಗಮನಕ್ಕೆ ಬಂತು.

ಮುಂದಿನ ಸಲ ಒಂದೇ ಒಂದು ತಪ್ಪು ಆರಿಸಿಕೊಂಡು ಅದನ್ನು ಮಾತ್ರ ತಿದ್ದಿ. ನಾನು ಚೀಟಿಯ ಮೇಲೆ ದಪ್ಪಕ್ಷರದಲ್ಲಿ 'ಎಡ ಭುಜ' ಅಂತ ಬರೆದು ಅಂಟಿಸಿದ್ದೆ. ಟೀಚರ್ "ತುಂಬಾ ಚೆನ್ನಾಗಿ ಮಾಡ್ತಿದ್ದೀರಿ" ಅನ್ನುವ ಜಾಗ ಬಂದಾಗಲೆಲ್ಲ ಆ ಚೀಟಿ ನೋಡಿ ಭುಜ ಇಳಿಸುತ್ತಿದ್ದೆ.